ಹದಿನೇಳನೇ ಕಾಲುದಾರಿಯ ಸೈಕಲ್ಲಿಗರಿಂದ, ಮರ್ಯಾದೆಪೂರ್ವಕ

ಥಾರ್ನ್‌ಬೆಕ್ ಗ್ರಾಮ,
ಆಗಸ್ಟ್ ಇಪ್ಪತ್ತೊಂದು

ಜಿಲ್ಲಾ ಕಾಲುದಾರಿ ಕಚೇರಿಯ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಕಚೇರಿಯ ಸಮಸ್ತ ಕಡತಗಳೂ ಕ್ಷೇಮವೆಂದು ನಂಬಿ, ಥಾರ್ನ್‌ಬೆಕ್‌ನ ಮೂವತ್ತೊಂದು ಮಂದಿ ಸೈಕಲ್ಲಿಗರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಎದುರಿಗೆ ನಿಂತರೆ ನನಗೆ ಮಾತು ಹೊರಡುವುದಿಲ್ಲವಾದ್ದರಿಂದ ಊರಿನ ಪತ್ರಗಳನ್ನೆಲ್ಲ ನನ್ನಿಂದಲೇ ಬರೆಸುತ್ತಾರೆ.

ಇಂಗ್ಲೆಂಡಿನ ಹಳ್ಳಿಗಾಡಿನ ಕಾಲುದಾರಿಯಲ್ಲಿ ಸೈಕಲ್ ಓಡಿಸಬಹುದೇ ಎಂಬ ನಮ್ಮ ಒಂದು ಸಾಲಿನ ಪ್ರಶ್ನೆಗೆ ತಾವು ಹನ್ನೊಂದು ಪುಟಗಳ ಉತ್ತರ ದಯಪಾಲಿಸಿದ್ದೀರಿ. ನಡೆದರೆ ಅದು ನಮ್ಮ ಹಕ್ಕು. ಸೈಕಲ್ ತುಳಿದರೆ ಪೊಲೀಸರು ಹಿಡಿಯುವ ಅಪರಾಧವಲ್ಲ, ಆದರೆ ಹಕ್ಕೂ ಅಲ್ಲ, ಜಮೀನಿನ ಒಡೆಯರ ಮೇಲೆ ನಾವು ನಡೆಸುವ ಅತಿಕ್ರಮಣ. ಸೈಕಲ್ಲನ್ನು ತಳ್ಳಿಕೊಂಡು ಹೋದರೆ ಮಾತ್ರ, ತಮ್ಮದೇ ಮಾತಿನಲ್ಲಿ, ‘ಅಭಿಪ್ರಾಯಗಳು ಭಿನ್ನವಾಗಿವೆ’. ಮೂರು ವರ್ಷ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಓದಿದ ನಾನು, ಸೈಕಲ್ಲಿನ ಪಕ್ಕದಲ್ಲಿ ನಡೆಯುವ ಮನುಷ್ಯನ ಬಗ್ಗೆ ಇಷ್ಟು ಆಳದ ಅನುಮಾನವನ್ನು ಯಾವ ಕವಿಯಲ್ಲೂ ಕಂಡಿರಲಿಲ್ಲ.

ವಿಷಯಕ್ಕೆ ಬರುತ್ತೇನೆ. ನಮ್ಮ ಪ್ರಾರ್ಥನಾ ಮಂದಿರದ ಹಿಂದಿನಿಂದ ಹೊರಟು, ಕ್ಲಿಫರ್ಡ್ ಗಾರ್ಸೈಡ್ ಎಂಬ ರೈತರ ಎರಡು ಹುಲ್ಲುಗಾವಲು ದಾಟಿ, ಪಕ್ಕದ ಸ್ಕೆಲ್ಟಮ್ ಸೇರುವುದೇ ತಮ್ಮ ನಕಾಶೆಯ ಹದಿನೇಳನೇ ಕಾಲುದಾರಿ. ಎಪ್ಪತ್ತೊಂಬತ್ತರ ವಿನಿಫ್ರೆಡ್ ಟಾಪ್ಲಿಸ್ ಅವರು ಪ್ರತಿ ಗುರುವಾರ ತಮ್ಮ ಮೂರು ಗಾಲಿಯ ಸೈಕಲ್ಲಿನ ಬುಟ್ಟಿಯಲ್ಲಿ ಸೇಬಿನ ಕಡುಬು ಇಟ್ಟುಕೊಂಡು ಈ ದಾರಿಯಲ್ಲೇ ಸ್ಕೆಲ್ಟಮ್‌ನ ತಂಗಿಯ ಮನೆಗೆ ಹೋಗುತ್ತಾರೆ. ಅವರ ಮಂಡಿಗಳಿಗೆ ನೂರು ಹೆಜ್ಜೆ ನಡೆಯುವ ಶಕ್ತಿಯಿಲ್ಲ, ಪೆಡಲು ತುಳಿಯಲು ಮಾತ್ರ ಯಾವ ತಕರಾರೂ ಇಲ್ಲ. ಡಾಂಬರು ರಸ್ತೆಯಲ್ಲಿ ಹೋಗೋಣವೆಂದರೆ ಕಲ್ಲುಕ್ವಾರಿಯ ಲಾರಿಗಳು. ತಂಗಿಯೋ ಹಾಸಿಗೆ ಬಿಟ್ಟು ಏಳುವಂತಿಲ್ಲ.

ಬೆನ್ನುನೋವಿನ ದೆಸೆಯಿಂದ ಗಾರ್ಸೈಡ್ ಅವರು ಸೆಪ್ಟೆಂಬರ್ ಇಪ್ಪತ್ತೊಂಬತ್ತಕ್ಕೆ ಜಮೀನನ್ನು ಬೇರೆಯವರಿಗೆ ಬಿಟ್ಟುಕೊಡುತ್ತಿದ್ದಾರೆ. ಕೊಳ್ಳುವವರು ಇನ್ನೂ ಹುಲ್ಲಿನ ಮೇಲೆ ಕಾಲಿಟ್ಟಿಲ್ಲ. ‘ಸೈಕಲ್ ನಿಷೇಧ’ ಎಂಬ ಫಲಕ ಆಗಲೇ ಬಂದು ಕೊಟ್ಟಿಗೆಯಲ್ಲಿ ಒರಗಿ ನಿಂತಿದೆ. ಆದ್ದರಿಂದಲೇ ನಾವು ತಮ್ಮ ಮೊರೆ ಹೊಕ್ಕೆವು. ಇಪ್ಪತ್ತು ವರ್ಷ ಜನ ಒಂದು ದಾರಿಯಲ್ಲಿ ಬಲವಂತವಿಲ್ಲದೆ, ಕದ್ದುಮುಚ್ಚದೆ, ಯಾರ ಅನುಮತಿಯನ್ನೂ ಪಡೆಯದೆ ಸೈಕಲ್ ಓಡಿಸಿದ್ದರೆ ಅದು ಹಕ್ಕಾಗುತ್ತದೆಂದು ತಾವೇ ತಿಳಿಸಿದ್ದಿರಿ. ನಾವು ಓಡಿಸುತ್ತಿರುವುದು ಇಪ್ಪತ್ಮೂರು ವರ್ಷದಿಂದ. ಮೂವತ್ತೊಂದು ಜನ ನಮೂನೆ ತುಂಬಿದರು. ಅರ್ಜಿ ಇತ್ಯರ್ಥವಾಗುವವರೆಗೆ ಗಾರ್ಸೈಡ್ ಅವರ ಬಳಿ ಈ ಬಗ್ಗೆ ಯಾರೂ ಏನನ್ನೂ ಕೇಳಕೂಡದೆಂಬ ತಮ್ಮ ಸೂಚನೆಯನ್ನು ಊರಿಗೆ ಊರೇ ಪಾಲಿಸಿತು. ಅವರು ಎದುರು ಬಂದರೆ ಹವಾಮಾನದ ಮಾತಾಡಿ ಜಾರಿಕೊಂಡೆವು.

ಇಲ್ಲಿ ನನ್ನ ತಪ್ಪೊಪ್ಪಿಗೆ. ನನಗೆ ಹತ್ತು ವರ್ಷವಾಗಿದ್ದಾಗ ಶಾಲೆಯಲ್ಲಿ ಯಾರಿಗಾದರೂ ಒಂದು ವಿನಯದ ಪತ್ರ ಬರೆಯಲು ಹೇಳಿದರು. ‘ನಮ್ಮ ಊರಿನ ಎಲ್ಲರೂ ನಿಮ್ಮ ಹೊಲದಲ್ಲಿ ಸೈಕಲ್ ಓಡಿಸಬಹುದೇ?’ ಎಂದು ನಾನು ಗಾರ್ಸೈಡ್ ಅವರಿಗೆ ಬರೆದೆ. ‘ಧಾರಾಳವಾಗಿ, ಎಲ್ಲರೂ. ಕರುಗಳಿದ್ದರೆ ನಿಧಾನ’ ಎಂದು ಅವರು ಒಂದು ಕಾರ್ಡು ಬರೆದು ಕಳಿಸಿದರು. ಆ ಕಾರ್ಡು ಹದಿಮೂರು ವರ್ಷದಿಂದ ಪ್ರಾರ್ಥನಾ ಮಂದಿರದ ಬಾಗಿಲ ಪಕ್ಕದ ಹಲಗೆಯ ಮೇಲಿತ್ತು. ರೈತರ ಸದ್ಭಾವನೆಗೆ ಸಾಕ್ಷಿಯೆಂದು, ಬಹಳ ಹೆಮ್ಮೆಯಿಂದ, ನಾನೇ ಅದನ್ನು ಕಿತ್ತು ಅರ್ಜಿಗೆ ಲಗತ್ತಿಸಿದೆ.

ತಮ್ಮ ತೀರ್ಪು ಸೂರ್ಯಪ್ರಕಾಶದಷ್ಟು ಸ್ಪಷ್ಟವಾಗಿದೆ. ಕಾರ್ಡಿಗೆ ಮುಂಚಿನ ಹತ್ತು ವರ್ಷ ನಾವು ಕೇಳದೆ ನುಗ್ಗಿದ್ದರಿಂದ ಅದು ಲೆಕ್ಕಕ್ಕುಂಟು; ಆಮೇಲಿನ ಹದಿಮೂರು ವರ್ಷ ಒಪ್ಪಿಗೆ ಪಡೆದು ಓಡಾಡಿದ್ದರಿಂದ ಅದು ಲೆಕ್ಕಕ್ಕಿಲ್ಲ. ಅರ್ಜಿ ವಜಾ.

ಸುದ್ದಿ ಕೇಳಿ ಗಾರ್ಸೈಡ್ ಅವರು ಟೋಪಿ ಕೈಯಲ್ಲಿ ಹಿಡಿದು ನಮ್ಮ ಬಾಗಿಲಿಗೆ ಬಂದರು. “ಹೋಗಿ ಅಂದಿದ್ದೇ ತಪ್ಪಾಯ್ತೇನಮ್ಮ ಹೆಸ್ಟರ್?” ಎಂದರು. ಒಳಗೆ ಚಹಾ ಕುಡಿಯುತ್ತಿದ್ದ ವಿನಿಫ್ರೆಡ್ ಅವರು, “ಇಪ್ಪತ್ಮೂರು ವರ್ಷದಲ್ಲಿ ಒಂದ್ಸಲನಾದ್ರೂ ನಮ್ಮನ್ನ ಅಟ್ಟಿಸ್ಕೊಂಡ್ ಬಂದಿದ್ಯಾ ಕ್ಲಿಫರ್ಡ್? ನಿನ್ನ ಒಳ್ಳೇತನ ನನ್ ತಂಗೀನ ನನ್ನಿಂದ ದೂರ ಮಾಡ್ತಿದೆ ನೋಡು,” ಎಂದರು. ಮಾರನೇ ಗುರುವಾರ ಗಾರ್ಸೈಡ್ ಅವರು ಪ್ರಾಯಶ್ಚಿತ್ತವಾಗಿ ಬೈಯಲೆಂದೇ ಗೇಟಿನ ಬಳಿ ಕಾದು ನಿಂತರು. ವಿನಿಫ್ರೆಡ್ ಅವರ ಸೈಕಲ್ಲು ಕೆಸರಿನಲ್ಲಿ ಹೂತಿತು. “ಯಾರದು ನನ್ನ ಹೊಲದಲ್ಲಿ?” ಎಂದು ಗದರಿದವರು ಮರುಕ್ಷಣ, “ಸ್ವಲ್ಪ ಬಲಕ್ಕೆ ತಿರುಗ್ಸು ವಿನಿ, ನಾನು ತಳ್ತೀನಿ,” ಎಂದು ಬೆನ್ನುನೋವಿನಲ್ಲೇ ದಿಬ್ಬದವರೆಗೆ ತಳ್ಳಿಕೊಟ್ಟರು. ಇಂಥವರನ್ನು ಕಟ್ಟಿಕೊಂಡು ನಾವು ಹಕ್ಕು ಸಾಧಿಸುವುದು ಹೇಗೆ ಎಂದು ತಾವೇ ಯೋಚಿಸಬೇಕು.

ಆದ್ದರಿಂದ ಕೆಲವು ಸಣ್ಣ ಬೇಡಿಕೆಗಳು. ಹತ್ತನೇ ವಯಸ್ಸಿನಲ್ಲಿ ನನಗೆ ಮರ್ಯಾದೆಯೇ ಇರಲಿಲ್ಲವೆಂದು ತಮ್ಮ ಕಚೇರಿ ಪ್ರಮಾಣಪತ್ರ ಕೊಡಬೇಕು. ಜಿಲ್ಲೆಯ ರೈತರಿಗೆ ಬೈಗುಳದ ತರಬೇತಿ ಏರ್ಪಡಿಸಬೇಕು, ಗಾರ್ಸೈಡ್ ಅವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಬೇಕು. ಅವರ ಕರುಗಳು ಸೈಕಲ್ಲುಗಳ ಜೊತೆ ಓಡುವ ಚಾಳಿ ಬೆಳೆಸಿಕೊಂಡಿವೆ. ಅದು ಪ್ರೋತ್ಸಾಹವೋ ಪ್ರತಿಭಟನೆಯೋ ಎಂದು ಅಳೆಯಲು ಒಬ್ಬ ನಿರೀಕ್ಷಕರನ್ನು ಕಳಿಸಬೇಕು.

ಇಷ್ಟು ಬರೆದು ಮುಗಿಸುವವಳಿದ್ದೆ. ಆದರೆ ನಿನ್ನೆ ಮಧ್ಯಾಹ್ನ ತಮ್ಮ ಆ ಹನ್ನೊಂದು ಪುಟಗಳ ಪತ್ರವನ್ನು ಮತ್ತೊಮ್ಮೆ ಓದುವಾಗ, ಹತ್ತನೇ ಪುಟದ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಂದು ಅಡಿಟಿಪ್ಪಣಿ ಕಣ್ಣಿಗೆ ಬಿತ್ತು. ಒಡೆಯರೇ ಇಚ್ಛೆಪಟ್ಟು ಒಂದು ರುಜು ಹಾಕಿದರೆ ಕಾಲುದಾರಿಯನ್ನು ಕುದುರೆಗೂ ಸೈಕಲ್ಲಿಗೂ ಶಾಶ್ವತವಾಗಿ ಬಿಟ್ಟುಕೊಡಬಹುದಂತೆ. ಆಮೇಲೆ ಜಮೀನು ಯಾರ ಕೈಗೆ ಹೋದರೂ ಅದನ್ನು ಅಳಿಸಲಾಗದಂತೆ. ನಾನು ಓಡಿಹೋಗಿ ಅದನ್ನು ಗಾರ್ಸೈಡ್ ಅವರ ಮುಂದೆ ಹಿಡಿದೆ. ಭೂತಗನ್ನಡಿ ಇಟ್ಟು ಎರಡು ಸಲ ಓದಿದರು. “ಇಷ್ಟೇನಾ? ನನ್ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?” ಎಂದರು. ಕೇಳಕೂಡದೆಂದು ತಮ್ಮ ಕಚೇರಿಯ ಅಪ್ಪಣೆಯಾಗಿತ್ತೆಂದು ಹೇಳಲು, ನಾನು ಮಾತು ಹುಡುಕಿಕೊಳ್ಳುವಷ್ಟರಲ್ಲಿ ಅವರು ಪೆನ್ನು ಹುಡುಕಿಕೊಂಡಿದ್ದರು.

ತಮ್ಮ ಹನ್ನೊಂದನೇ ಪುಟದಲ್ಲಿದ್ದ ನಮೂನೆ, ಅವರ ರುಜುವಿನೊಂದಿಗೆ, ಇದರ ಜೊತೆಗಿದೆ. ಮೇಲಿನ ಬೇಡಿಕೆಗಳನ್ನೆಲ್ಲ ತಾವು ತಿರಸ್ಕರಿಸಿದರೂ ಬೇಸರವಿಲ್ಲ. ಇದೊಂದನ್ನು ಸೆಪ್ಟೆಂಬರ್ ಇಪ್ಪತ್ತೊಂಬತ್ತರೊಳಗೆ ತಮ್ಮ ದಾಖಲೆಗೆ ಸೇರಿಸಿ, ಕೊಟ್ಟಿಗೆಯಲ್ಲಿರುವ ಫಲಕಕ್ಕೆ ಬೇರೆ ಉದ್ಯೋಗ ಹುಡುಕುವ ಅವಕಾಶವನ್ನು ನಮಗೆ ಕರುಣಿಸಬೇಕೆಂದು ಪ್ರಾರ್ಥನೆ.

ಕೇಳಿಯೇ ಕೆಟ್ಟ, ಆದರೂ ಮತ್ತೆ ಕೇಳುತ್ತಿರುವ,
ತಮ್ಮ ವಿಶ್ವಾಸಿ,
ಹೆಸ್ಟರ್ ಪೈಬಸ್

ಮರೆತ ಮಾತು: ತಮ್ಮ ನಮೂನೆಯಲ್ಲಿ ‘ದಾರಿ ಬಿಟ್ಟುಕೊಡಲು ಕಾರಣ’ ಎಂಬ ಜಾಗದಲ್ಲಿ ಗಾರ್ಸೈಡ್ ಅವರು ‘ಒಂದು ಮಗು ಮರ್ಯಾದೆಯಿಂದ ಕೇಳಿತ್ತು’ ಎಂದು ಬರೆದಿದ್ದಾರೆ. ಈ ಕಾರಣ ಸಾಲದೆಂದು ತಮಗೆ ತೋರಿದರೆ ಕೂಡಲೇ ತಿಳಿಸಬೇಕು. ಅವರು ಕೊಟ್ಟಿಗೆಯಲ್ಲಿ ಕರುಗಳೆದುರು ಬೈಗುಳದ ಅಭ್ಯಾಸವನ್ನು ಇನ್ನೂ ಬಿಟ್ಟಿಲ್ಲ, ಮತ್ತು ಮೊದಲ ಪ್ರಯೋಗಕ್ಕೆ ತಮ್ಮ ವಿಳಾಸ ಕೇಳಿದ್ದಾರೆ.