ಪಕ್ಕದ ಸೀಟಿನ ಬ್ರೇಕ್ ಮಹಾಶಯರ ಸನ್ನಿಧಿಗೆ

ಡ್ರೈವಿಂಗ್ ಶಾಲೆಯ ಬಿಳಿ ಕಾರಿನಲ್ಲಿ, ಕಲಿಸುವವರು ಕೂರುವ ಸೀಟಿನ ಮುಂದೆ, ಅವರ ಕಾಲಿಗೆ ಮಾತ್ರ ಸಿಗುವಂತೆ ಖಾಯಂ ವಾಸವಾಗಿರುವ ಎರಡನೇ ಬ್ರೇಕ್ ಪೆಡಲ್ ಅವರಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಮೈಮೇಲಿನ ರಬ್ಬರು ಸವೆದು ನುಣ್ಣಗಾಗಿದ್ದರೂ ಸ್ಪ್ರಿಂಗು ಎಂದಿನಂತೆ ಚುರುಕಾಗಿದೆಯೆಂದೂ, ನನ್ನ ನಂತರ ಸ್ಟಿಯರಿಂಗ್ ಹಿಡಿದವರು ತಾವೊಬ್ಬರು ಅಲ್ಲಿರುವುದೇ ಗೊತ್ತಿಲ್ಲದೆ ಸ್ವಂತ ಪ್ರತಿಭೆಗೆ ಬೆರಗಾಗುತ್ತಾ ಊರು ಸುತ್ತುತ್ತಿದ್ದಾರೆಂದೂ ಕೇಳಿ ಪರಮ ಸಂತೋಷವಾಯಿತು. ಇಂಥ ದೊಡ್ಡವರಿಗೆ ಒಬ್ಬ ಲಾಂಡ್ರಿಯವಳು ಕಾಗದ ಬರೆಯುವುದು ಅಧಿಕಪ್ರಸಂಗವೇ ಸರಿ. ಆದರೂ ತಾವು ನನಗೆ ಮಾಡಿದ ಉಪಕಾರವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲವಾದ್ದರಿಂದ ಪತ್ರಿಕೆಯ ಮೂಲಕ ಈ ಬಹಿರಂಗ ಪತ್ರ.

ನಮ್ಮದು ಚಿಕ್ಕ ಲಾಂಡ್ರಿ. ಕ್ಲಿನಿಕ್ಕುಗಳ, ಲಾಡ್ಜುಗಳ ಹಾಸು-ಹೊದಿಕೆಗಳನ್ನು ಒಗೆಸಿ, ಇಸ್ತ್ರಿ ಮಾಡಿಸಿ, ಮಡಚಿ ಮೂಟೆ ಕಟ್ಟುವುದು ನನ್ನ ಪಾಲು. ಆ ಮೂಟೆಗಳನ್ನು ವ್ಯಾನಿಗೆ ತುಂಬಿಕೊಂಡು ಊರು ಏಳುವ ಮೊದಲೇ ಹಂಚಿ ಬರುವುದು ನಮ್ಮ ಯಜಮಾನರ ಪಾಲು. ಇಸ್ತ್ರಿ ಹಿಡಿದ ಕೈ ಸ್ಟಿಯರಿಂಗ್ ಮುಟ್ಟಬಾರದೆಂಬುದು ನಮ್ಮಲ್ಲಿ ಯಾರೂ ಬರೆದಿಡದ, ಆದರೆ ಎಲ್ಲರೂ ಪಾಲಿಸುವ ಕಾನೂನು. ಒಮ್ಮೆ ಅವರು ಜ್ವರ ಬಂದು ಮಲಗಿ, ಕ್ಲಿನಿಕ್ಕಿನ ರೋಗಿಗಳು ಹಾಸಿಲ್ಲದ ಬರೀ ಹಾಸಿಗೆಯ ಮೇಲೆ ನರಳುವಂತಾದ ಮೇಲೆ, ನಾನೂ ಡ್ರೈವಿಂಗ್ ಕಲಿಯುತ್ತೇನೆ ಎಂದು ಹೇಳಿದೆ. ನನ್ನ ನಾದಿನಿ, ಎಲ್ಲದಕ್ಕೂ ಒಂದು ಅಭಿಪ್ರಾಯ ಇಟ್ಟುಕೊಂಡಿರುವಾಕೆ, ‘ಅತ್ತಿಗೆ, ನೀವು ಹೊಲಿಗೆ ಮಿಶನ್ನೇ ಹಿಂದಕ್ಕೆ ಓಡಿಸೋರು, ನಿಮಗ್ಯಾಕೆ ವ್ಯಾನು’ ಎಂದು ಕಾಳಜಿ ತೋರಿಸಿದರು. ಆ ಕಾಳಜಿಯ ಬಲದಿಂದಲೇ ನಾನು ಮರುದಿನ ಹೋಗಿ ಹೆಸರು ಹಚ್ಚಿ ಬಂದೆ.

ತಮ್ಮ ಕೃಪೆಯಿಂದ ಮೊದಲ ವಾರದಲ್ಲೇ ನಾನು ಪ್ರತಿಭಾವಂತೆಯಾದೆ. ಕೆಂಪು ದೀಪ ಕಂಡರೆ ಸಾಕು, ಕಾರು ಬಿಳಿ ಗೆರೆಯನ್ನು ತುಳಿಯದೆ ಸಂಭಾವಿತ ಅಳಿಯನಂತೆ ನಿಲ್ಲುತ್ತಿತ್ತು. ಇಳಿಜಾರಿನಲ್ಲಿ ತಾನೇ ನಿಧಾನವಾಗುತ್ತಿತ್ತು. ರಸ್ತೆ ದಾಟುವ ಮುದುಕರು ನನ್ನತ್ತ ಕೈಬೀಸಿ ಹೋಗುತ್ತಿದ್ದರು. ನಮ್ಮ ಗುರುಗಳು, ಅಂದರೆ ತಮ್ಮ ಮೇಲೆ ಸದಾ ಪಾದವಿಟ್ಟು ಕೂರುವ ಆ ಸೌಮ್ಯ ಮನುಷ್ಯ, ಕಿಟಕಿಯಾಚೆ ನೋಡಿಕೊಂಡು, ಫೋನಿನಲ್ಲಿ ತಂಗಿಯ ಸಂಸಾರದ ಗೋಳು ಕೇಳುತ್ತಲೇ ನಡುನಡುವೆ ‘ಸೂಪರ್ ಅಕ್ಕ, ನಿಮ್ಮ ಕಾಲು ಭಾಳ ಹದವಾಗಿದೆ’ ಎಂದು ಹುರಿದುಂಬಿಸುತ್ತಿದ್ದರು. ನಾನು ಆ ಹದವಾದ ಕಾಲನ್ನು ಹೊತ್ತು ಲಾಂಡ್ರಿಗೆ ಬಂದು, ಇಸ್ತ್ರಿ ಮಾಡುವ ಹುಡುಗಿಯರಿಗೆ ರಸ್ತೆಯ ಶಿಸ್ತಿನ ಕುರಿತು ಸಣ್ಣ ಉಪನ್ಯಾಸವನ್ನೂ ಕೊಟ್ಟೆ. ಅವರು ಪಾಪ, ಕೆಲಸ ಹೋದೀತೆಂದು ತಲೆಯಾಡಿಸಿದರು.

ಒಂದು ದಿನ ಗುರುಗಳು ಮನೆಯ ಮಂಚ ಜರುಗಿಸಲು ಹೋಗಿ ಅದನ್ನು ಪಾದದ ಮೇಲೆಯೇ ಬೀಳಿಸಿಕೊಂಡು, ಬ್ಯಾಂಡೇಜು ಸುತ್ತಿದ ಕಾಲನ್ನು ಸೀಟಿನ ಮೇಲೆ ಮಡಚಿಟ್ಟುಕೊಂಡು ಬಂದರು. ಅಂದು ಶಾಲೆಯ ಅಂಗಳದ ಕೊನೆಯಲ್ಲಿ ಪೇರಿಸಿಟ್ಟಿದ್ದ ಹಳೇ ಟಯರುಗಳನ್ನು ಕಂಡು ನಾನು ಎಂದಿನಂತೆ ಘನತೆಯಿಂದ ಬ್ರೇಕಿನ ಮೇಲೆ ಹಗುರವಾಗಿ ಪಾದವಿಟ್ಟೆ. ಕಾರು ಎಂದಿನಂತೆ ನಿಲ್ಲದೆ, ಟಯರುಗಳ ನಡುವೆ ನುಗ್ಗಿತು, ಅವು ಒಂದೊಂದಾಗಿ ಬಾನೆಟ್ಟಿನ ಮೇಲೆ ಉರುಳಿದವು. ಬ್ರೇಕ್ ಫೇಲಾಗಿದೆ ಸಾರ್ ಎಂದು ನಾನು ಕಿರುಚಿದರೆ ಅವರು ಕಣ್ಣು ಮುಚ್ಚಿಕೊಂಡೇ ‘ಬ್ರೇಕ್ ಸರಿಯಾಗೇ ಇದೆ ಅಕ್ಕ, ನನ್ನ ಕಾಲು ಫೇಲಾಗಿದೆ’ ಎಂದರು. ತಮ್ಮ ಇರವು ನನಗೆ ತಿಳಿದದ್ದು ಆಗ. ಇಷ್ಟು ದಿನ ಗೆರೆಯ ಮುಂದೆ ನಿಂತದ್ದು, ಮುದುಕರು ಬದುಕಿದ್ದು, ಇಳಿಜಾರಿನಲ್ಲಿ ಮಾನ ಉಳಿದದ್ದು ಎಲ್ಲವೂ ತಮ್ಮ ಕೆಲಸ. ನಾನು ಬರೀ ಚಕ್ರ ಹಿಡಿದು ಕೂತ ಗೊಂಬೆ.

ಇಷ್ಟೆಲ್ಲ ಮಾಡಿಯೂ ಒಂದು ಮಾತು ಹೇಳದ ತಮ್ಮ ವಿನಯವನ್ನು ಯಾವ ಬಾಯಿಂದ ಹೊಗಳಲಿ? ಮುಂದೆ ಕಲಿಯುವವರ ಹಿತಕ್ಕಾಗಿ, ತಾವು ಒತ್ತಲ್ಪಟ್ಟಾಗಲೆಲ್ಲ ಕನಿಷ್ಠ ಕೆಮ್ಮುವ ವ್ಯವಸ್ಥೆಯಾಗಬೇಕೆಂದೂ, ನಮ್ಮ ಲೈಸೆನ್ಸಿನಲ್ಲಿ ನಮ್ಮ ಫೋಟೋದ ಪಕ್ಕ ತಮ್ಮದೂ ಒಂದು ಅಚ್ಚಾಗಬೇಕೆಂದೂ, ಜೊತೆಗೆ ತಮ್ಮ ಬಳಗದವರೊಬ್ಬರನ್ನು ನಮ್ಮ ಊಟದ ಮೇಜಿನಡಿ, ನನ್ನ ಕಾಲಿಗೆ ಎಟಕುವಂತೆ, ನಾದಿನಿ ಮಾತು ಶುರು ಮಾಡಿದಾಗ ಉಪಯೋಗಿಸಲು ನೇಮಿಸಬೇಕೆಂದೂ ಪ್ರಾರ್ಥಿಸುತ್ತೇನೆ.

ಇನ್ನು ಲಿಖಿತ ಪರೀಕ್ಷೆಯ ವಿಷಯ. ಇದರಲ್ಲಿ ತಮ್ಮ ಕೈವಾಡವಿಲ್ಲ, ಆದರೆ ತಮ್ಮಂಥವರೇ ಇನ್ನೊಬ್ಬರಿದ್ದರು. ಸಂಜೆ ನಾನು ಹೊದಿಕೆಗಳನ್ನು ಮಡಚುತ್ತಿದ್ದರೆ, ಯಜಮಾನರು ಎದುರಿಗೆ ಕೂತು ರಸ್ತೆ ಫಲಕಗಳ ಪುಸ್ತಕದಿಂದ ಒಂದೊಂದೇ ಚಿತ್ರ ತೋರಿಸುವುದು, ನಾನು ಅರ್ಥ ಹೇಳುವುದು, ಅವರು ಚಿತ್ರದ ಕೆಳಗಿನ ಉತ್ತರ ನೋಡಿ ‘ಕರೆಕ್ಟ್’ ಎನ್ನುವುದು, ಹೀಗೆ ನಮ್ಮ ಅಭ್ಯಾಸ ಸಾಗಿತ್ತು. ಮದುವೆಯಾದಾಗಿನಿಂದ ನನ್ನ ಒಂದು ಮಾತನ್ನೂ ಸುಲಭಕ್ಕೆ ಒಪ್ಪದಿದ್ದವರು ಸಾಲಾಗಿ ಕರೆಕ್ಟ್ ಎನ್ನುವುದನ್ನು ಕೇಳಿ ನಾನು ನೆಲದ ಮೇಲೆ ಇರಲಿಲ್ಲ. ಪರೀಕ್ಷೆಯ ಕಂಪ್ಯೂಟರು ಮಾತ್ರ ಬೇರೆಯೇ ಅಭಿಪ್ರಾಯ ಹೊಂದಿತ್ತು. ನಾನು ಪಾರ್ಕಿಂಗ್ ನಿಷೇಧ ಎಂದದ್ದಕ್ಕೆ ತಪ್ಪು, ಒಳದಾರಿ ಎಂದದ್ದಕ್ಕೆ ತಪ್ಪು, ಮುಂದೆ ಸೇತುವೆ ಎಂದದ್ದಕ್ಕೂ ತಪ್ಪು ಎಂದು ಕೆಂಪಗಾಗುತ್ತಾ ಹೋಗಿ, ಕೊನೆಗೆ ‘ಪ್ರಯತ್ನಿಸಿದ್ದಕ್ಕೆ ಧನ್ಯವಾದ’ ಎಂದು ನನ್ನನ್ನು ಬೀಳ್ಕೊಟ್ಟಿತು.

ಸಿಟ್ಟಿನಿಂದ ಮನೆಗೆ ಬಂದು ಪುಸ್ತಕ ತೆರೆದರೆ, ಕಂಪ್ಯೂಟರು ಹೇಳಿದ್ದೇ ಅದರಲ್ಲೂ ಇತ್ತು. ಜಗಳ ತೆಗೆಯಬೇಕೆಂದು ಪುಸ್ತಕವನ್ನು ಅವರ ಮುಖದ ಮುಂದೆ ಹಿಡಿದು, ಇದೇನು ಹೇಳಿ ನೋಡೋಣ ಎಂದೆ. ಅವರು ತುಸು ಹೊತ್ತು ನೋಡಿ ‘ಅದೇ, ಮುಂದೆ ಎಡತಿರುವು’ ಎಂದರು. ನಾನು ಹಿಡಿದದ್ದು ಪುಸ್ತಕದ ಹಿಂದಿನ ರಟ್ಟನ್ನು. ಅದರ ಮೇಲೆ ಏನೂ ಇರಲಿಲ್ಲ.

ಕಣ್ಣಿನ ಡಾಕ್ಟರು ಬಹಳ ಹೊತ್ತು ಪರೀಕ್ಷಿಸಿ ‘ಇದು ಕನ್ನಡಕದಿಂದ ಆಗೋದಲ್ಲ, ಹೋಗಿದ್ದು ಹೋಯ್ತು, ಉಳಿದಿದ್ದನ್ನ ಉಳಿಸ್ಕೊಳ್ಳೋಣ, ಗಾಡಿ ಮಾತ್ರ ಇವತ್ತೇ ಬಿಡಿ’ ಎಂದರು. ಯಜಮಾನರು ತಲೆಯಾಡಿಸಿ, ಹೊರಗೆ ಬಂದು, ನೇರವಾಗಿ ವ್ಯಾನಿನ ಬಾಗಿಲು ತೆಗೆದು ಚಾಲಕನ ಸೀಟಿನಲ್ಲಿ ಕೂತರು. ಬೇರೆ ಡ್ರೈವರನ್ನು ಇಡೋಣವೆಂದರೆ ‘ನಾನು ಸತ್ತ್ಮೇಲೆ ಇಟ್ಕೋ’ ಎಂದರು. ಬೀಗದಕೈ ಕೇಳಿದರೆ ‘ನಿಂಗೆ ಲೈಸೆನ್ಸ್ ಬರ್ಲಿ, ಅವತ್ತೇ ಕೊಡ್ತೀನಿ, ಅಲ್ಲೀವರೆಗೂ ದಾರಿ ನಂಗೆ ಬಾಯಿಪಾಠ ಇದೆ’ ಎಂದರು. ಟಯರುಗಳ ಕತೆ ಅವರಿಗೂ ಗೊತ್ತಿತ್ತಾದ್ದರಿಂದ ಆ ‘ಅವತ್ತು’ ಬರುವುದಿಲ್ಲವೆಂಬ ಧೈರ್ಯ ಅವರ ದನಿಯಲ್ಲಿತ್ತು.

ಮಾನ್ಯರೇ, ಇಲ್ಲಿ ಒಂದು ಗಳಿಗೆ ವಿನಯವನ್ನೂ ವ್ಯಂಗ್ಯವನ್ನೂ ಪಕ್ಕಕ್ಕಿಟ್ಟು ಹೇಳುತ್ತೇನೆ, ನನಗೆ ಪ್ರಾಣಭಯವಾಗಿತ್ತು. ಅವರ ಪ್ರಾಣದ ಭಯ, ಅದಕ್ಕಿಂತ ಹೆಚ್ಚಾಗಿ ನಮ್ಮ ವ್ಯಾನಿನ ಮುಂದೆ ಯಾವತ್ತು ಯಾರ ಮಗು ಬಂದೀತೋ ಎಂಬ ಭಯ. ಬೀಗದಕೈ ಕಿತ್ತುಕೊಳ್ಳಲು ನೋಡಿ ಸೋತವಳು, ಪರೀಕ್ಷೆಗೆ ಓದಬೇಕೆಂಬ ನೆಪ ಹೂಡಿ ದಿನವೂ ಅವರ ಪಕ್ಕ ಹತ್ತಿ ಕೂತು, ಕಂಡ ಫಲಕಗಳನ್ನೆಲ್ಲ ಶಾಲೆಯ ಹುಡುಗಿಯಂತೆ ಗಟ್ಟಿಯಾಗಿ ಓದತೊಡಗಿದೆ. ಮುಂದೆ ಉಬ್ಬು, ನಿಧಾನ. ಎದುರಿಗೆ ಕೆಂಪು ದೀಪ, ನಿಲ್ಲಬೇಕು. ಎಡಗಡೆ ಹಾಲಿನ ಲಾರಿ ನಿಂತಿದೆ, ಇದು ಪುಸ್ತಕದಲ್ಲಿಲ್ಲ ಆದರೂ ಓದಿದೆ. ಅವರು ‘ನಿನ್ನ ಓದಿನಿಂದ ನನ್ನ ತಲೆ ಚಿಟ್ಟು ಹಿಡೀತು’ ಎಂದು ಗೊಣಗುತ್ತಾ, ಉಬ್ಬಿನಲ್ಲಿ ನಿಧಾನಿಸಿ, ದೀಪಕ್ಕೆ ನಿಂತು, ಲಾರಿಯನ್ನು ಬಳಸಿ ಓಡಿಸುತ್ತಿದ್ದರು. ಎರಡನೇ ಸಲ ಲಿಖಿತ ಪರೀಕ್ಷೆಗೆ ಹೋದಾಗ ಕಂಪ್ಯೂಟರಿಗೆ ಒಮ್ಮೆಯೂ ಕೆಂಪಗಾಗುವ ಅವಕಾಶ ಸಿಗಲಿಲ್ಲ.

ಆಮೇಲೆ ರಸ್ತೆ ಪರೀಕ್ಷೆ, ಮತ್ತೆ ತಮ್ಮ ದರ್ಶನ. ಗುರುಗಳ ಜಾಗದಲ್ಲಿ ಈಗ ಹೊಳೆಯುವ ಬೂಟಿನ ಪರೀಕ್ಷಕರು. ಅವರು ತಮ್ಮನ್ನು ಒಮ್ಮೆ ಒತ್ತಿದರೆ ಸಾಕು, ಅಭ್ಯರ್ಥಿ ನಪಾಸು ಎಂಬುದು ನಿಯಮ. ಎಲ್ಲವೂ ಸುಸೂತ್ರವಾಗಿ ಸಾಗಿ, ಕೊನೆಯ ಜೀಬ್ರಾ ಪಟ್ಟಿಯ ಬಳಿ ಒಬ್ಬ ಹೆಂಗಸು ಕಾಲಿಟ್ಟಾಗ ನಾನು ಸರಿಯಾಗಿ ಬ್ರೇಕ್ ಒತ್ತಿದೆ, ಕಾರು ಸರಿಯಾಗಿ ನಿಂತಿತು. ಪರೀಕ್ಷಕರು ಮಾತ್ರ ಪೆನ್ನು ತೆಗೆದು ‘ನಿಮಗಿಂತ ಮುಂಚೆ ನಾನು ಒತ್ತಿದೆ ಅಮ್ಮ’ ಎಂದರು. ಯಾರು ಮೊದಲು ಒತ್ತಿದರೆಂಬುದಕ್ಕೆ ಈ ಲೋಕದಲ್ಲಿ ಇದ್ದ ಸಾಕ್ಷಿ ತಾವೊಬ್ಬರೇ. ಎಂದಿನಂತೆ ಬಾಯಿಗೆ ಬೀಗ ಹಾಕಿಕೊಂಡು ಕೂತಿರಿ. ತಾವು ಅರೆಕ್ಷಣ ತಡೆದಿದ್ದರೆ, ನನ್ನ ಗಂಡ ಇನ್ನಷ್ಟು ದಿನ ಕಾಣದ ಕಣ್ಣಿನಿಂದ ವ್ಯಾನು ಓಡಿಸುವುದು ತಪ್ಪುತ್ತಿತ್ತು. ಈ ಸೇವೆಗಾಗಿ ತಮಗೆ ಯಾವ ಬಿರುದು ಕೊಟ್ಟರೂ ಕಡಿಮೆಯೇ.

ಅಂದಿನಿಂದ ನಾನು ಗುರುಗಳಿಗೆ ಷರತ್ತು ಹಾಕಿದೆ. ಚಪ್ಪಲಿ ಬಿಚ್ಚಿ ಮಡಿಲಲ್ಲಿ ಹಿಡಿದು, ಎರಡೂ ಕಾಲನ್ನು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು, ಏನೇ ಆದರೂ ಕೆಳಗಿಳಿಸಬಾರದು. ಆ ಬಡಪಾಯಿ ಚಪ್ಪಲಿಗಳನ್ನು ಎದೆಗವಚಿಕೊಂಡು, ಪ್ರತಿ ತಿರುವಿನಲ್ಲೂ ‘ಅಕ್ಕಾ, ನಂಗೂ ಸಂಸಾರ ಇದೆ’ ಎಂದು ನೆನಪಿಸುತ್ತಾ ಊರೆಲ್ಲ ಸುತ್ತಿದರು. ಹಾಗೆ ನಾನು ತಮ್ಮ ಹಂಗಿಲ್ಲದೆ ನಿಲ್ಲುವುದನ್ನು ಕಲಿತೆ. ಮುಂದಿನ ಪರೀಕ್ಷೆಯಲ್ಲಿ ಪರೀಕ್ಷಕರ ಬೂಟು ತಮ್ಮತ್ತ ಸುಳಿಯಲೂ ಇಲ್ಲ. ತಮಗೆ ಅಂದು ಬೇಸರವಾಗಿದ್ದರೆ ನನ್ನ ಶ್ರಮ ಸಾರ್ಥಕ.

ಲೈಸೆನ್ಸನ್ನು ಯಜಮಾನರ ಕೈಗೆ ಕೊಟ್ಟೆ. ಅದರ ಮೇಲೆ ಬೆರಳಾಡಿಸಿ, ಫೋಟೋ ಎಲ್ಲಿದೆಯೆಂದು ಕೇಳಿ, ಬೀಗದಕೈ ತೆಗೆದು ಮೇಜಿನ ಮೇಲಿಟ್ಟರು. ಮರುದಿನ ಮೂಟೆ ತುಂಬಿದ ಮೇಲೆ ಅವರೇ ಬಂದು ಪಕ್ಕದ ಸೀಟಿನಲ್ಲಿ ಕೂತರು. ಗೇಟು ದಾಟುತ್ತಿದ್ದಂತೆ ಅವರ ಬಲಗಾಲು ಮುಂದಕ್ಕೆ ಚಾಚಿ ನೆಲವನ್ನು ಒತ್ತಿತು. ನಮ್ಮ ವ್ಯಾನಿನಲ್ಲಿ ಆ ಜಾಗದಲ್ಲಿ ತಮ್ಮ ವಂಶದವರು ಯಾರೂ ಇಲ್ಲ, ಬರೀ ಮ್ಯಾಟು. ವ್ಯಾನು ಅವರ ಮಾತು ಕೇಳಲಿಲ್ಲ. ಇನ್ನೊಮ್ಮೆ ಒತ್ತಿ ನೋಡಿದರು. ಆಮೇಲೆ ಕಾಲನ್ನು ಎಳೆದುಕೊಂಡು, ಪರಿಚಯವಿಲ್ಲದವರ ಮನೆಯಲ್ಲಿ ಕೂತವರಂತೆ ಸೀಟಿನಡಿ ಮುದುಡಿಸಿಟ್ಟುಕೊಂಡರು.

ಹಾಗಾಗಿ ಮುಂದಿನ ದೀಪದ ಬಳಿ ಆ ಕಾಲು ಮತ್ತೆ ತುಸು ಅಲುಗಿದಾಗ, ನಾನು ನನ್ನ ಬ್ರೇಕನ್ನು ಮೆಲ್ಲಗೆ ಮುಟ್ಟಿದೆ. ವ್ಯಾನಿನ ವೇಗ ತಗ್ಗಿತು. ಅವರು ಗಂಟಲು ಸರಿಮಾಡಿಕೊಂಡು ‘ಹ್ಞಾಂ, ಹೀಗಿರ್ಬೇಕು’ ಎಂದರು. ಅಂದಿನಿಂದ ಅವರು ಒತ್ತಿದಾಗಲೆಲ್ಲ ನಾನು ನಿಲ್ಲಿಸುತ್ತೇನೆ. ಅವರು ಲಾಂಡ್ರಿಗೆ ಬಂದು ಇಸ್ತ್ರಿ ಹುಡುಗಿಯರ ಮುಂದೆ ‘ಪಕ್ಕದಲ್ಲಿ ನಾನಿಲ್ದಿದ್ರೆ ಇವಳು ವ್ಯಾನನ್ನ ಎಲ್ಲಿಗೆ ನುಗ್ಗಿಸ್ತಿದ್ಲೋ’ ಎಂದು ಕೊಚ್ಚಿಕೊಳ್ಳುತ್ತಾರೆ. ನಾನು ಮಡಚುತ್ತಿದ್ದ ಹೊದಿಕೆಯಿಂದ ತಲೆಯೆತ್ತದೆ ಸುಮ್ಮನಿರುತ್ತೇನೆ. ತಾವು ಅಷ್ಟು ದಿನ ಬಾಯಿಬಿಡದೆ ಏಕೆ ಕೂತಿದ್ದಿರೆಂದು ಈಗ ಸ್ವಲ್ಪ ಅರ್ಥವಾಗಿದೆ. ಹಾಗೆಂದು ಜೀಬ್ರಾ ಪಟ್ಟಿಯ ವಿಷಯದಲ್ಲಿ ಕ್ಷಮಿಸಿದ್ದೇನೆಂದು ತಿಳಿಯಬಾರದು.

ತಮ್ಮ ಸ್ಪ್ರಿಂಗು ಚಿರಾಯುವಾಗಲಿ.

ತಮ್ಮ ವಿಶ್ವಾಸಿ,
ಹದವಾದ ಕಾಲಿನ ಲಾಂಡ್ರಿಯವಳು

ಹಿಂಬರಹ: ಮೊನ್ನೆ ತಡವಾಗಿ ಹೊರಟಾಗ, ಮಕ್ಕಳ ಶಾಲೆಯ ಹಿಂದಿನ ತಿರುವಿನಲ್ಲಿ, ರಸ್ತೆ ಪೂರ್ತಿ ಖಾಲಿಯಿದ್ದಾಗ, ಅವರ ಕಾಲು ಗಟ್ಟಿಯಾಗಿ ಒತ್ತಿತು. ಅವರ ಮನಸ್ಸು ನೋಯಬಾರದೆಂದಷ್ಟೇ ನಾನೂ ಒತ್ತಿದೆ. ವ್ಯಾನು ನಿಂತ ಮೇಲೆ, ಗೋಡೆಯ ಮರೆಯಿಂದ ಒಂದು ಸೈಕಲ್ಲು ಬಂತು. ಅದರ ಮೇಲಿದ್ದ ಇಬ್ಬರು ಮಕ್ಕಳು ನಗುತ್ತಾ ನಮ್ಮ ಬಂಪರಿನ ಮುಂದೆಯೇ ಹಾದುಹೋದರು. ವರ್ಷಗಟ್ಟಲೆ ಆ ತಿರುವಿನಲ್ಲಿ ಒತ್ತಿ ರೂಢಿಯಾದ ಕಾಲು ಅದು. ಕಣ್ಣಿಗೆ ಏನೂ ಕಂಡಿರಲಿಲ್ಲ. ‘ಯಾಕೆ ನಿಂತ್ಬಿಟ್ಟೆ, ಹೊರಡು’ ಎಂದು ಅವರು ನನ್ನನ್ನೇ ಗದರಿದರು. ಈ ಸಂಗತಿ ಅವರಿಗೆ ತಿಳಿಯಕೂಡದು. ತಿಳಿದರೆ ಅವರೊಂದಿಗೆ ಒಂದೇ ಸೂರಿನಡಿ ಬಾಳಲಾಗದು. ಬಹಿರಂಗ ಪತ್ರದಲ್ಲಿ ಬರೆದು ಗುಟ್ಟು ಉಳಿಯುವುದು ಹೇಗೆಂದು ತಾವು ಚಿಂತಿಸಬೇಕಾಗಿಲ್ಲ. ನಮ್ಮ ಮನೆಯಲ್ಲಿ ಈಗ ಪತ್ರಿಕೆಯನ್ನು ಅವರಿಗೆ ಓದಿ ಹೇಳುವವಳು ನಾನೇ.