ನೀಲಗಿರಿ ಕಷಾಯಕ್ಕೆ ಮಳೆಯ ಕಾಟ

ನಮ್ಮ ಕಡೆ ಊರಿಗೆ ಊರೇ ಮಳೆ ಬರಲಿ ಎಂದು ಕಾಯುತ್ತಿದ್ದರೆ, ಬರಬೇಡವಪ್ಪಾ ಎಂದು ಬೇಡಿಕೊಳ್ಳುತ್ತಿದ್ದವನು ನಾನೊಬ್ಬನೇ. ಎಂಬತ್ತರ ದಶಕದಲ್ಲಿ ಚಿಕ್ಕಬಳ್ಳಾಪುರದ ಸುತ್ತಮುತ್ತ ಕೃಷಿ ಸಹಾಯಕನಾಗಿದ್ದೆ. ನೀಲಗಿರಿ ಸೊಪ್ಪು ಕುದಿಸಿ, ಆ ಕಷಾಯವನ್ನು ಪಾರ್ಥೇನಿಯಂ ಕಳೆಗೆ ಸಿಂಪಡಿಸಿ, ಅದು ಒಣಗುವುದನ್ನು ರೈತರಿಗೆ ತೋರಿಸುವುದು ನನ್ನ ಕೆಲಸ. ಪಂಪು ಬೆನ್ನಿಗೇರಿಸಿದರೆ ಸಾಕು, ಎಲ್ಲಿದ್ದರೂ ಮೋಡ ಬಂದುಬಿಡುತ್ತಿತ್ತು.

ಗೌರಿಬಿದನೂರಿನ ಬದು

ಒಬ್ಬ ರೈತರ ಬದುವಿಗೆ ಕಷಾಯ ಹೊಡೆದು ಬಸ್ ಸ್ಟ್ಯಾಂಡ್ ಸೇರುವಷ್ಟರಲ್ಲಿ ಮಳೆ. ಎಲ್ಲ ತೊಳೆದುಹೋಯಿತು. ಕೆಲವು ದಿನ ಬಿಟ್ಟು ಹೋದರೆ ಕಳೆ ಸೊಂಟದೆತ್ತರ ಬೆಳೆದು ಹೂ ಬಿಟ್ಟಿದೆ! ಮೆಲ್ಲಗೆ ಜಾರಿಕೊಳ್ಳೋಣ ಎನ್ನುವಾಗ ರೈತರು ಓಡಿಬಂದು ಕೈ ಹಿಡಿದರು.

"ಸಾರ್, ಇದನ್ನೇ ನಮ್ಮ ಮುಸುಕಿನ ಜೋಳಕ್ಕೂ ಒಂದ್ಸಲ ಹೊಡೀರಿ!"

ಚಿಂತಾಮಣಿಯ ನೊರೆ

ಇನ್ನು ತೊಳೆದುಹೋಗಬಾರದು, ಎಲೆಗೆ ಹಿಡಿದುಕೊಳ್ಳಬೇಕು ಎಂದು ಮುರುಗಮಲ್ಲದ ಹತ್ತಿರ ಕಷಾಯಕ್ಕೆ ಅಂಟುವಾಳದ ನೀರು ಬೆರೆಸಿದೆ. ಮತ್ತೆ ಮಳೆ. ಬದುವಿನ ತುಂಬಾ ಬಿಳೀ ನೊರೆ. ಹೊಲದ ಅಜ್ಜಿ ತಲೆಗೆ ಗೋಣಿಚೀಲ ಹೊದ್ದುಕೊಂಡು ಬಂದು ನೋಡಿದರು.

"ಕಳೆಗೆ ತಲೆಸ್ನಾನ ಮಾಡಿಸಿದ್ದೀಯಲ್ಲ ನಾಯನಾ! ಸಾಂಬ್ರಾಣಿ ಹೊಗೆ ಯಾವಾಗ ಹಾಕ್ತೀಯಾ?"

ಶಿಡ್ಲಘಟ್ಟದ ಹುಳು

ಇಲ್ಲಿ ಮಾತ್ರ ನಗು ಬರಲಿಲ್ಲ. ರೇಷ್ಮೆ ಹುಳು ಸಾಕಿದ್ದ ಒಬ್ಬ ಹೆಂಗಸಿನ ತೋಟದ ಬದುವಿಗೆ ಸಿಂಪಡಿಸುವಾಗ ಗಾಳಿ ತಿರುಗಿ, ಕಷಾಯವೆಲ್ಲ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿತ್ತು. ಗೂಡು ಕಟ್ಟುವ ಮುಂಚೆ ಹುಳುಗಳು ಹಗಲು ರಾತ್ರಿ ಮೇಯುವ ಸಮಯ ಅದು.

"ಈ ಸೊಪ್ಪು ತಿಂದ್ರೂ ಸಾಯ್ತಾವೆ, ತಿನ್ನದಿದ್ರೂ ಸಾಯ್ತಾವೆ. ಏನ್ ಮಾಡ್ಬಿಟ್ಟೆ ಕಣಪ್ಪಾ!" ಎಂದು ಆಯಮ್ಮ ತಲೆ ಮೇಲೆ ಕೈ ಹೊತ್ತು ಕೂತರು. ಜೀವನದಲ್ಲಿ ಮೊದಲ ಸಲ ಮಳೆ ಬರಲಿ ಎಂದು ಆಕಾಶಕ್ಕೆ ಕೈ ಮುಗಿದೆ.

ಸಂಜೆ ಸುರಿಯಿತು ನೋಡಿ, ಧೋ ಎಂದು! ಮಾರನೆಯ ದಿನ ಮಳೆಗೆ ತೊಳೆದುಹೋಗಿದ್ದ ಆ ಸೊಪ್ಪನ್ನು ನೆರಳಲ್ಲಿ ಆರಿಸಿ, ಪರೀಕ್ಷೆಗೆಂದು ಹಿಡಿಯಷ್ಟು ಹುಳುಗಳಿಗೆ ಮಾತ್ರ ಹಾಕಿದೆವು. ಏನಾಗುತ್ತದೆಂದು ಗೊತ್ತಾಗುವವರೆಗೆ ಮಿಕ್ಕವಕ್ಕೆ ಪಕ್ಕದ ತೋಟದವರಿಂದ ತಂದ ಸೊಪ್ಪು. ಇಬ್ಬರೂ ಹುಳುವಿನ ತಟ್ಟೆಯ ಮುಂದೆ ಕೂತೆವು. ಹುಳುಗಳು ಕತ್ತಲಾಗುವವರೆಗೂ ಕರಕರ ಮೇಯುತ್ತಲೇ ಇದ್ದವು. ಹೋದ ಜೀವ ಬಂದಂತಾಯಿತು.

ಗೂಡು ಬಿಡಿಸುವ ದಿನ ನಮ್ಮ ಸಾಹೇಬರು ಬಂದರು. "ಏನಮ್ಮಾ, ಇವನ ಔಷಧಿ ಹೇಗಿದೆ?"

ಆಯಮ್ಮ ನನ್ನ ಕಡೆ ನೋಡಿ, ಧಾರಾಳವಾಗಿ ಹೇಳಿದರು:

"ಭಾಳ ಒಳ್ಳೇದು ಸಾರ್. ಒಂದು ಮಳೆ ಬಂದ್ರೆ ಸಾಕು, ಯಾರಿಗೂ ಏನೂ ಆಗಲ್ಲ. ಕಳೆಗೂ ಅಷ್ಟೇ!"