ರಾಜ, ಮಂತ್ರಿ ಮತ್ತು ಹೆಚ್ಚುವರಿ ಮಾಸ್ತರ್

ಇಂಥವು ನನಗೇ ಯಾಕೆ ಆಗುತ್ತವೆ ಎಂದು ಒಮ್ಮೆ ಮನೆಯಲ್ಲಿ ಕೇಳಿದೆ. "ಆಗೂದಿಲ್ಲ, ನೀವು ಮಾಡ್ತೀರಿ" ಎಂದಳು ಹೆಂಡತಿ, ಬಿಡಿಸುತ್ತಿದ್ದ ಮೆಂತ್ಯ ಸೊಪ್ಪಿನಿಂದ ತಲೆಯನ್ನೂ ಎತ್ತದೆ. ಅದರಲ್ಲಿ ಅರ್ಧ ನಿಜ. ಉಳಿದರ್ಧ ತಪ್ಪು ನಾಟಕದ್ದು. ಇಪ್ಪತ್ತು ಚಿಲ್ಲರೆ ವರ್ಷದಿಂದ ನಾನು ಕನ್ನಡ ಮಾಸ್ತರ್. ಎಲ್ಲಿ ಹೋದರೂ ಒಂದು ಹಳೆಯ ನಾಟಕ ನನ್ನ ಬೆನ್ನು ಹತ್ತಿ ಬರುತ್ತದೆ. ಅದರಲ್ಲಿ ಒಬ್ಬ ರಾಜ, ಒಬ್ಬ ಮಂತ್ರಿ, ಒಂದು ಯುದ್ಧ. ಹೆಸರು ಹೇಳುವುದಿಲ್ಲ, ಈಗಿರುವ ತಾಪತ್ರಯವೇ ಸಾಕು. ಈ ವರ್ಷವಂತೂ ಆ ನಾಟಕವನ್ನು ಮಕ್ಕಳು ಓದಬೇಕೋ ಬೇಡವೋ ಎಂಬ ಪ್ರಶ್ನೆ ಎದ್ದು ನನ್ನ ನೌಕರಿಯ ಬುಡಕ್ಕೇ ಬಂತು. ಹದಿನಾಲ್ಕು ದಿನ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಎರಡು ಹೊತ್ತು ಬಿಟ್ಟಿದ್ದು ಅಷ್ಟೇ ಎನ್ನುತ್ತಾಳೆ ಹೆಂಡತಿ. ಆಕೆಗೆ ಕಥೆ ಹೇಳಲು ಬರುವುದಿಲ್ಲ.

ಆ ಗಂಡಾಂತರಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮುಂಚಿನ ಎರಡು ಹೇಳದಿದ್ದರೆ ಅದು ಎಷ್ಟು ದಿನದಿಂದ ಹೊಂಚು ಹಾಕಿತ್ತು ಎನ್ನುವುದು ನಿಮಗೆ ತಿಳಿಯುವುದಿಲ್ಲ.

ರಾಜ ಇನ್ನೂ ಬಂದಿಲ್ಲ

ಆಗ ನಾನು ದೇವದುರ್ಗ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಅತಿಥಿ ಶಿಕ್ಷಕ. ಅತಿಥಿ ಎಂದರೆ ಯಾವಾಗ ಬೇಕಾದರೂ ಎದ್ದು ಹೋಗು ಅನ್ನಿಸಿಕೊಳ್ಳುವವನು. ಶನಿವಾರ ಸಾಹೇಬರು ತಪಾಸಣೆಗೆ ಬರುವವರಿದ್ದರು. ನಾಟಕದ ಪಾಠ ಮುಗಿದಿರಲಿಲ್ಲ. ಮುಗಿಯುವುದಿರಲಿ, ಶುರುವೇ ಆಗಿರಲಿಲ್ಲ. ಬುಧವಾರ ಬೆವರು ಒರೆಸಿಕೊಳ್ಳುತ್ತ ಓದತೊಡಗಿದೆ: "ರಾಜನು ಪ್ರವೇಶಿಸುವನು. ಎಲೈ ಮಂತ್ರಿಯೇ..."

"ಏ ಮಾಸ್ತರ್, ತಡೀರಿ" ಎಂದಿತು ಕಿಟಕಿ.

ನೋಡಿದರೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬ ಅಜ್ಜ. ಮೊಮ್ಮಗಳಿಗೆ ರೊಟ್ಟಿಬುತ್ತಿ ಕೊಡಲು ಬಂದವನು ಅಲ್ಲೇ ನಿಂತು ಪಾಠ ಕೇಳುತ್ತಿದ್ದ.

"ಅಂವ ರಾಜ ಹೌದೋ ಅಲ್ಲೋ?"

"ಹೌದು, ಯಜ್ಜಾ."

"ಮತ್ತ ಸಂತಿಗೆ ಬಂದಂಗ ಬಂದುಬಿಟ್ನಲ್ರಿ!"

ಮೂವತ್ತು ವರ್ಷ ಊರ ಬಯಲಾಟದಲ್ಲಿ ರಾಜನ ಪಾರ್ಟು ಮಾಡಿದ ಮನುಷ್ಯನಂತೆ. ಓದು ಬರಹ ಬಾರದು, ಆದರೆ ಎಂಟು ಆಟ ಬಾಯಿಪಾಠ. ಒಳಗೆ ಬಂದು ಕಂಬಳಿಯನ್ನೇ ಕಿರೀಟ ಮಾಡಿಕೊಂಡ. ಮಕ್ಕಳಿಗೆ ಬೆಂಚು ಬಡಿಯಲು ಹೇಳಿದ. ಬಾಗಿಲಿನಿಂದ ಕರಿಹಲಗೆಯವರೆಗೆ ಎಂಟು ಹೆಜ್ಜೆ ದಾರಿ. ರಾಜ ಎರಡು ಹೆಜ್ಜೆ ಮುಂದೆ ಇಟ್ಟರೆ ಒಂದು ಹಿಂದೆ, ನಡುನಡುವೆ ನಿಂತು ತಾನು ಯಾರು, ತನ್ನಪ್ಪ ಯಾರು, ತನ್ನ ಕುದುರೆ ಯಾವುದು ಎಂದು ವರ್ಣನೆ. ಹಿಂದಿನ ಬೆಂಚಿನ ನಿದ್ದೆಗಳ್ಳರೂ ಎದ್ದು ಕುಣಿಯುತ್ತಿದ್ದರು. ಪಿರಿಯಡ್ ಮುಗಿದ ಗಂಟೆ ಹೊಡೆದಾಗ ರಾಜ ಎರಡನೇ ಬೆಂಚಿನ ಹತ್ತಿರ ಇದ್ದ.

ಗುರುವಾರ ಅಲ್ಲಿಂದಲೇ ಮುಂದುವರಿದ. ಶುಕ್ರವಾರವೂ ಬಂದ.

ಶನಿವಾರ ಸಾಹೇಬರು ನನ್ನ ದಿನಚರಿ ತೆರೆದರು. "ಮೂರು ದಿನ ಏನ್ ಪಾಠ ಆತ್ರಿ?" ಎಂದರು. ಸುಳ್ಳು ಬರೆಯಲು ಹೊತ್ತು ಸಿಕ್ಕಿರಲಿಲ್ಲ. ಅವರೇ ಗಟ್ಟಿಯಾಗಿ ಓದಿದರು: "ಬುಧವಾರ: ರಾಜ ಹೊರಟಿದ್ದಾನೆ. ಗುರುವಾರ: ರಾಜ ದಾರಿಯಲ್ಲಿದ್ದಾನೆ. ಶುಕ್ರವಾರ: ರಾಜನಿಗೆ ಕೆಮ್ಮು ಬಂದ ಕಾರಣ ವಿಶ್ರಾಂತಿ."

ಐದಕ್ಕೆ ಆರು

ಆಮೇಲೆ ಮಾನ್ವಿ ಕಡೆಯ ಶಾಲೆ. ಸುತ್ತ ಭತ್ತದ ಗದ್ದೆ, ನಡುವೆ ಕಾಲುವೆ. ಕಾಲುವೆಯ ಕೊನೆ ಭಾಗದವರಿಗೆ ನೀರು ಬರುವ ಹೊತ್ತಿಗೆ ಮೇಲಿನವರದು ಕೊಯ್ಲಾಗಿರುತ್ತದೆ, ಅಂಥ ಊರು. ಪರೀಕ್ಷೆಗೆ ಪ್ರಶ್ನೆ ಹಾಕಿದೆ: "ಎರಡು ರಾಜ್ಯಗಳ ಯುದ್ಧಕ್ಕೆ ಕಾರಣವೇನು? ಅದನ್ನು ತಪ್ಪಿಸಲು ರಾಜನು ಏನು ಮಾಡಬೇಕಿತ್ತು?" ಐದು ಅಂಕ.

ನಾಟಕದ ಪ್ರಕಾರ ಕಾರಣ ಸ್ವಯಂವರದಲ್ಲಾದ ಅವಮಾನ. ಒಬ್ಬ ಹುಡುಗಿ ಬರೆದಿದ್ದಳು: "ಮೇಲಿನ ರಾಜ್ಯದವರು ಗೇಟು ಇಳಿಸಿದ್ದರಿಂದ ಕೆಳಗಿನ ರಾಜ್ಯಕ್ಕೆ ನೀರು ಬರಲಿಲ್ಲ. ಸಸಿ ಒಣಗಿದವು. ರಾಜನು ಯುದ್ಧಕ್ಕೆ ಹೋಗುವ ಬದಲು ಕಾಲುವೆಯ ಮೇಲೆ ಮಂಚ ಹಾಕಿಕೊಂಡು ತಾನೇ ಕಾಯಬೇಕಿತ್ತು. ಮಂತ್ರಿಯನ್ನು ನಂಬಬಾರದು, ಮಂತ್ರಿಯ ಹೊಲ ಮೇಲೆ ಇದೆ."

ನನಗೆ ನಗು ಬಂತು, ಹಿಂದೆಯೇ ಹೆದರಿಕೆ. ಸೊನ್ನೆ ಕೊಡಲು ಮನಸ್ಸಿಲ್ಲ, ಅಂಕ ಕೊಟ್ಟರೆ ಮುಖ್ಯಗುರುಗಳು ಬಿಡುವುದಿಲ್ಲ. ಅವರು ಉತ್ತರಪತ್ರಿಕೆಗಳನ್ನು ಒಂದೊಂದಾಗಿ ಮರುಪರಿಶೀಲಿಸುವ ಮನುಷ್ಯ. ನೋಟಿಸ್ ಕೊಡುವುದೆಂದರೆ ಅವರಿಗೆ ಊಟಕ್ಕಿಂತ ಪ್ರೀತಿ. ಏನಾದರಾಗಲಿ ಎಂದು ಐದಕ್ಕೆ ಐದು ಕೊಟ್ಟು, ಪತ್ರಿಕೆಯನ್ನು ಕಟ್ಟಿನ ಅಡಿಗೆ ತುರುಕಿಟ್ಟೆ. ಅವರು ಕಟ್ಟನ್ನು ತಿರುಗಿಸಿಟ್ಟುಕೊಂಡು ಅಡಿಯಿಂದಲೇ ಶುರು ಮಾಡಿದರು.

ಓದಿದರು. ಕನ್ನಡಕ ತೆಗೆದರು. ಒರೆಸಿಕೊಂಡು ಮತ್ತೆ ಓದಿದರು. ನಾನು ಮನಸ್ಸಿನಲ್ಲೇ ಕ್ಷಮಾಪಣೆ ಪತ್ರದ ಮೊದಲ ಸಾಲು ಬರೆಯತೊಡಗಿದ್ದೆ.

"ಮಾಸ್ತರ್" ಎಂದರು, ದನಿ ಗದ್ಗದ. ಅವರದೂ ಕೊನೆ ಭಾಗದಲ್ಲಿ ನಾಲ್ಕು ಎಕರೆ ಇರುವುದು ನನಗೆ ಗೊತ್ತಿರಲಿಲ್ಲ. "ಐದಕ್ಕ ಆರು ಕೊಡಾಕ ಬರ್ತದೇನ್ರಿ?"

ಅರ್ಜಿಗೆ ತೊಟ್ಟಿಲು ಬೇಕಾಗ್ತದ

ಈಗ ಈ ವರ್ಷದ್ದು. ರಾಯಚೂರಿನ ಅನುದಾನಿತ ಶಾಲೆಯೊಂದರಲ್ಲಿ ನಾನು ಕಾಯಂ ಆಗಿ ಬಹಳ ವರ್ಷವಾಯಿತು. ಇಲ್ಲಿ ಮೊದಲಿನಿಂದ ಒಂದು ಪದ್ಧತಿ: ಒಂಬತ್ತನೇ ತರಗತಿಯವರು ಆ ಹಳೆಯ ನಾಟಕವನ್ನು ಇಡೀ ವರ್ಷ ಓದಿ ವಾರ್ಷಿಕೋತ್ಸವದಲ್ಲಿ ಆಡಬೇಕು. ಅದಕ್ಕೆ ವಾರಕ್ಕೆ ನಾಲ್ಕು ಪಿರಿಯಡ್.

ಒಂದು ಭಾನುವಾರ ತೀನ್ ಕಂದೀಲ್ ವೃತ್ತದ ಹತ್ತಿರದ ಹೋಟೆಲಿನಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ ಭಜಿ ತಿನ್ನುತ್ತಿದ್ದೆ. ಬಸ್ ಡಿಪೋದ ಮೆಕ್ಯಾನಿಕ್ ಒಬ್ಬರು ಎದುರು ಬಂದು ಕುಳಿತರು. ಹೋಟೆಲಿನವನು ನನ್ನನ್ನು ತೋರಿಸಿದ್ದನಂತೆ.

"ನಿಮ್ಮ ಅಕ್ಷರ ಭಾಳ ಚೆಂದ ಅದಾವಂತ. ಒಂದು ಅರ್ಜಿ ಬರದುಕೊಡ್ರಿ."

"ಯಾತರ ಬಗ್ಗೆ?"

"ಮಗಳ ಸಾಲ್ಯಾಗ ಒಂದು ಹಳೇ ನಾಟಕ ಹಚ್ಯಾರ್ರೀ. ಆಕಿ ಮಂತ್ರಿ ಆಗ್ಯಾಳ. ನೀರು ಕೊಡವ್ವಾ ಅಂದ್ರ 'ಅಪ್ಪಣೆಯಾಗಲಿ ಪ್ರಭು' ಅಂತಾಳ. ಗಣಿತ ಪೂರಾ ಹಳ್ಳ ಹಿಡದದ. ನಾಟಕ ತೆಗೀರಿ, ಆ ಪಿರಿಯಡ್ ಗಣಿತಕ್ಕ ಕೊಡ್ರಿ ಅಂತ ಬರೀರಿ. ಓದಿದವ್ರು ಅಳಬೇಕು."

ಯಾವ ಶಾಲೆ ಎಂದೆ. ನನ್ನದೇ. ಪಾಲಕರ ಸಭೆಗೆ ಯಾವಾಗಲೂ ಅವರ ಮನೆಯವರು ಬರುತ್ತಿದ್ದರು, ಹೀಗಾಗಿ ಇವರಿಗೆ ನನ್ನ ಮುಖ ಗೊತ್ತಿಲ್ಲ. ಸಭ್ಯ ಮನುಷ್ಯನಾಗಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದ. ನನಗೋ ಕೈ ತುರಿಸುತ್ತಿತ್ತು. ಇಂಥ ಅರ್ಜಿಗಳನ್ನು ನಮ್ಮ ಆಡಳಿತ ಮಂಡಳಿ ಓದುವುದಿಲ್ಲ ಎಂಬ ಧೈರ್ಯ ಬೇರೆ. ಪೆನ್ನು ತೆಗೆದೆ. ಮಾತುಗಳು ತಾವಾಗಿಯೇ ಹರಿದು ಬಂದವು.

"ಮಾನ್ಯರೇ, ನಮ್ಮ ಮಕ್ಕಳ ನಿದ್ದೆಯನ್ನು ಕದ್ದವನು ಹೊರಗಿನ ಶತ್ರುವಲ್ಲ, ನಿಮ್ಮ ಅಂಗಳದ ನಾಟಕ. ತೂಗುವ ತೊಟ್ಟಿಲು ನಿಂತಿದೆ. ಊದುವ ಒಲೆ ಆರಿದೆ. ಎಮ್ಮೆಗಳು ಸಾಲಾಗಿ ನಿಂತು ಕಣ್ಣೀರಿಡುತ್ತಿವೆ..."

"ನಮ್ಮ ಮನ್ಯಾಗ ತೊಟ್ಲ ಇಲ್ಲಲ್ರೀ?"

"ಇರಲಿ. ಅರ್ಜಿಗೆ ತೊಟ್ಟಿಲು ಬೇಕಾಗ್ತದ."

"ಎಮ್ಮೀನೂ ಇಲ್ಲ."

"ಅಳಬೇಕೋ ಬ್ಯಾಡೋ?"

"ಅಳಬೇಕ್ರಿ" ಎಂದು ಸಹಿ ಮಾಡಿದರು.

ನನ್ನ ವಿರುದ್ಧ ತರಬೇತಿ

ಹತ್ತು ದಿನಕ್ಕೆ ಸ್ಟಾಫ್ ರೂಮಿನಲ್ಲಿ ನೋಟಿಸ್ ಬಿತ್ತು. ಆಡಳಿತ ಮಂಡಳಿಯ ಸಭೆ, ವಿಷಯ: ಹಳೆಯ ನಾಟಕವನ್ನು ಕೈಬಿಡುವುದು. ಅರ್ಜಿ ಓದಿದ ಅಧ್ಯಕ್ಷರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ.

ಮುಖ್ಯಗುರುಗಳು ನನ್ನನ್ನು ಪಕ್ಕಕ್ಕೆ ಕರೆದರು. "ನಾಲ್ಕು ಪಿರಿಯಡ್ ಹೋದ್ರ ನಿಮ್ಮ ಕೆಲಸದ ಹೊರೆ ಕಮ್ಮಿ ಬೀಳ್ತದ. ಕಮ್ಮಿ ಬಿದ್ರ ನೀವು ಹೆಚ್ಚುವರಿ."

ಹೆಚ್ಚುವರಿ! ಆ ಪದ ಕೇಳಿದರೆ ಅನುದಾನಿತ ಶಾಲೆಯ ಮಾಸ್ತರನ ಎದೆಯಲ್ಲಿ ಕಾಲುವೆ ಗೇಟು ಇಳಿದಂತಾಗುತ್ತದೆ. ಹೆಚ್ಚುವರಿಯನ್ನು ಎಲ್ಲಿಗೆ ಬೇಕಾದರೂ ಎತ್ತಿ ಹಾಕಬಹುದು. ಜಿಲ್ಲೆ ದಾಟಿಸುತ್ತಾರೆ ಎಂದ ಒಬ್ಬ. ಆಫೀಸಿನಲ್ಲಿ ಕೂರಿಸಿ ಫೈಲಿಗೆ ದಾರ ಕಟ್ಟಿಸುತ್ತಾರೆ ಎಂದ ಇನ್ನೊಬ್ಬ. ಮಗ ಪಿಯುಸಿಯಲ್ಲಿದ್ದಾನೆ, ಅತ್ತೆಗೆ ಮೊಣಕಾಲು ಆಪರೇಷನ್ ಆಗಬೇಕು. ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದೆ, ಅರ್ಜಿ ಬರೆದವರು ಯಾರು ಅನ್ನುವುದೊಂದನ್ನು ಬಿಟ್ಟು.

"ಯಾವನ ಅರ್ಜಿರೀ ಅದು? ಅವನ ಕೈ ಸೇದಿಹೋಗಲಿ" ಎಂದಳು. ಆ ಸಂಜೆ ಬಲಗೈ ನಿಜವಾಗಿಯೂ ನೋಯತೊಡಗಿತು.

ಭಾನುವಾರ ಬೆಳಿಗ್ಗೆಯೇ ಹೋಟೆಲಿಗೆ ಓಡಿದೆ. ಮೆಕ್ಯಾನಿಕ್ ನನ್ನನ್ನು ನೋಡಿ ಎರಡು ಪ್ಲೇಟ್ ಮಿರ್ಚಿ ಹೇಳಿದರು.

"ಅರ್ಜಿ ವಾಪಸ್ ತಗೋರಿ" ಎಂದೆ.

"ಹುಚ್ಚೇನ್ರಿ? ಓಣ್ಯಾಗ ಎಲ್ಲಾರಿಗೂ ಓದಿ ತೋರಿಸೀನಿ. ಎಮ್ಮಿ ಇಲ್ಲದವ್ರೂ ಅತ್ತಾರ. ಅದಿರಲಿ, ಸಭಾದಾಗ ಆ ಕನ್ನಡ ಮಾಸ್ತರ್ ಎದ್ದು ನಿಂತ್ರ ನಾ ಏನ್ ಅನ್ನಲಿ? ಅಂವಗ ಬಾಯಿ ಭಾಳ ಅದ ಅಂತಾರ."

"ನಾನೂ ಕೇಳೀನಿ."

"ಮಂದೀನ್ನ ಆಟ ಆಡಸ್ತಾನಂತ."

"ಅದನ್ನೂ ಕೇಳೀನಿ."

"ಹಂಗಾರ ಅವನ ಬಾಯಿ ಕಟ್ಟೂ ಅಂಥಾ ಒಂದು ಪ್ರಶ್ನೆ ಹೇಳಿಕೊಡ್ರಿ."

ನನ್ನ ಬಾಯಿ ಎಲ್ಲಿ ಕಟ್ಟುತ್ತದೆ ಎನ್ನುವುದು ನನಗಿಂತ ಯಾರಿಗೆ ಚೆನ್ನಾಗಿ ಗೊತ್ತು? "ಈ ನಾಟಕ ಓದಿ ಯಾರಿಗೆ ಏನ್ ಉಪಯೋಗ ಆಗ್ಯದ, ಒಬ್ಬರನ್ನ ತೋರಸ್ರಿ ಅನ್ರಿ" ಎಂದೆ. ಹೇಳಿ ಮುಗಿಸಿದ ಮೇಲೆ ಮಿರ್ಚಿ ನೆತ್ತಿಗೇರಿತು.

ಯಾವ ಅಂಕ?

ಸಭೆ ಮಧ್ಯಾಹ್ನ ಮೂರಕ್ಕೆ. ನಾನು ಮೂಲೆಯ ಕುರ್ಚಿ ಹಿಡಿದೆ. ಮೆಕ್ಯಾನಿಕ್ ಒಳಗೆ ಬಂದವರೇ ನನ್ನನ್ನು ಕಂಡು ಸಂತೋಷದಿಂದ ಪಕ್ಕದಲ್ಲೇ ಕುಳಿತರು. "ನನಗಂತ ಬಂದ್ರೇನ್ರಿ? ಭಾಳ ಉಪಕಾರ ಆತು. ಆ ಮಾಸ್ತರ್ ಯಾವನು, ತೋರಸ್ರಿ."

"ಬರ್ತಾನ" ಎಂದೆ.

ಮಕ್ಕಳ ಮಾತನ್ನೂ ಕೇಳೋಣ ಎಂದು ಅಧ್ಯಕ್ಷರು ಒಂಬತ್ತನೇ ತರಗತಿಯ ನಾಯಕಿಯನ್ನು ಕರೆಸಿದ್ದರು. ಮೆಕ್ಯಾನಿಕ್‌ರ ಮಗಳೇ ಆಕೆ, ಬಾಗಿಲ ಬಳಿ ಕೈಕಟ್ಟಿ ನಿಂತಿದ್ದಳು.

"ಮೊದಲು ಕನ್ನಡ ಮಾಸ್ತರ್ ಮಾತಾಡ್ಲಿ" ಎಂದರು ಅಧ್ಯಕ್ಷರು.

ನಾನು ಎದ್ದೆ. ಪಕ್ಕದಲ್ಲಿ ಉಸಿರು ನಿಂತಿದ್ದು ಕೇಳಿಸಿತು. ಮೆಕ್ಯಾನಿಕ್ ನನ್ನ ಅಂಗಿ ಜಗ್ಗಿದರು.

"ನಿಮ್ಮ ಮ್ಯಾಲೆ ನೀವೇ ಬರದೀರೇನ್ರಿ?"

"ಅಕ್ಷರ ಚೆಂದ ಅದಾವ ಅಂದ್ರೆಲ್ರಿ. ತಡಕೊಳ್ಳಾಕ ಆಗಲಿಲ್ಲ."

ಸಭೆಯ ಮುಂದೆ ಏನೇನೋ ಹೇಳಿದೆ. ಅರ್ಧ ಗಂಟೆ ಸಿಂಹದಂತೆ ಮಾತಾಡಿದೆ ಎಂದು ಮನೆಯಲ್ಲಿ ವರದಿ ಕೊಟ್ಟಿದ್ದೇನೆ. ನಿಜ ಹೇಳಬೇಕೆಂದರೆ "ನಾಟಕ ಇರಬೇಕ್ರಿ" ಎಂದು ಎರಡು ಸಲ ಅಂದು ನೀರು ಕುಡಿದೆ. ಗಣಿತ ಮೇಡಂ ಎದ್ದು, "ಇದನ್ನ ಓದಿ ಯಾರಿಗೆ ಏನ್ ಉಪಯೋಗ ಆಗ್ಯದ, ಒಬ್ಬರನ್ನ ತೋರಸ್ರಿ" ಎಂದರು. ಮೆಕ್ಯಾನಿಕ್ ಆ ಪ್ರಶ್ನೆಯನ್ನೂ ಊರೆಲ್ಲ ಹಂಚಿಬಿಟ್ಟಿದ್ದರು. ನನ್ನ ಬಾಯಿ ನಾನು ಅಂದುಕೊಂಡಂತೆಯೇ ಕಟ್ಟಿತು.

ಅಧ್ಯಕ್ಷರು ಅರ್ಜಿ ಕೈಗೆತ್ತಿಕೊಂಡು ಓದಿದರು. ನಿದ್ದೆ, ತೊಟ್ಟಿಲು, ಒಲೆ. ಸಭೆಯಲ್ಲಿ ಇಬ್ಬರು ಮೂಗು ಒರೆಸಿಕೊಂಡರು. "ಎಮ್ಮೆಗಳು ಸಾಲಾಗಿ ನಿಂತು ಕಣ್ಣೀರಿಡುತ್ತಿವೆ..." ಅಲ್ಲಿ ನಿಲ್ಲಿಸಿದರು. "ಇದೊಂದು ತಿಳೀವಲ್ದು ನೋಡ್ರಿ. ನಾಟಕಕ್ಕೂ ಎಮ್ಮಿಗೂ ಏನ್ ಸಂಬಂಧ?"

"ಸರ್, ಅದು ಎಮ್ಮಿ ಅಲ್ರಿ" ಎಂದಳು ಬಾಗಿಲ ಬಳಿಯ ಹುಡುಗಿ. "ಆನಿ."

"ಏನು?"

"ಅದು ನನ್ನ ಮಾತ್ರೀ ಸರ್. ಮೂರನೇ ಅಂಕ. ಮಂತ್ರಿ ರಾಜಗ ಹೇಳೂದು."

ಹೇಳಿದವಳೇ ಎರಡು ಹೆಜ್ಜೆ ಮುಂದೆ ಬಂದು ಇಲ್ಲದ ಶಲ್ಯವನ್ನು ಮಂತ್ರಿಯಂತೆ ಹೆಗಲಿಗೆ ಬೀಸಿ ಶುರು ಮಾಡಿದಳು: "ಪ್ರಭುವೇ, ನಾಡಿನ ಮಕ್ಕಳ ನಿದ್ದೆಯನ್ನು ಕದ್ದವನು ಹೊರಗಿನ ಶತ್ರುವಲ್ಲ, ನಿನ್ನ ಅಂಗಳದ ನಗಾರಿ..." ಅಧ್ಯಕ್ಷರು ಅರ್ಜಿಯ ಮೇಲೆ ಬೆರಳಿಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡುತ್ತ ಹೋದರು. ನಗಾರಿ ನಾಟಕವಾಗಿತ್ತು, ಆನೆ ಎಮ್ಮೆಯಾಗಿತ್ತು, ಮಿಕ್ಕ ಸಾಲುಗಳೆಲ್ಲ ಅವೇ. ನನ್ನಾಣೆ, ಆ ಸಾಲುಗಳು ನನ್ನವೇ ಅಂದುಕೊಂಡಿದ್ದೆ. ಇಪ್ಪತ್ತು ವರ್ಷ ಹೇಳಿಕೊಟ್ಟಿದ್ದು ಯಾವಾಗ ಮೆತ್ತಗೆ ಕೈಗೆ ಇಳಿದಿತ್ತೋ.

ನಾಟಕ ತೆಗೆಯಿರಿ ಎಂದು ನಾಟಕವೇ ಬೇಡಿಕೊಂಡಿತ್ತು. ಅದನ್ನು ಕೇಳಿ ಎಲ್ಲರೂ ಅತ್ತಿದ್ದರು. ಗಣಿತ ಮೇಡಂ ತಮ್ಮ ಕರವಸ್ತ್ರ ಅಡಗಿಸಿದರು.

"ಅರ್ಜಿ ಬರದವ್ರು ಯಾರು?" ಎಂದರು ಅಧ್ಯಕ್ಷರು.

ಮೆಕ್ಯಾನಿಕ್ ನನ್ನ ಕಡೆ ನೋಡಲೇ ಇಲ್ಲ. "ಯಾರೋ ದಾರಿಹೋಕರ್ರೀ. ಮುಖ ನೆನಪಿಲ್ಲ" ಎಂದರು. ಮುಖ್ಯಗುರುಗಳು ಮಾತ್ರ ಅರ್ಜಿಯನ್ನು ನೋಡಿ, ಗೋಡೆಯ ಮೇಲೆ ನಾನು ಬರೆದ ಸ್ವಾಗತ ಫಲಕವನ್ನು ನೋಡಿ, ಕೆಮ್ಮಿದರು.

ನಾಟಕ ಉಳಿಯಿತು, ನಾಲ್ಕು ಪಿರಿಯಡ್ ಸಮೇತ. ಗಣಿತಕ್ಕೆ ಶನಿವಾರ ಮಧ್ಯಾಹ್ನ ಬೇರೆ ಕ್ಲಾಸು ಎಂದಾಯಿತು. ನನಗೆ ಹೋದ ಉಸಿರು ಮರಳಿ ಬಂತು.

ಮೆಕ್ಯಾನಿಕ್ ಎದ್ದು ಅಧ್ಯಕ್ಷರ ಮುಂದೆ ಕೈ ಚಾಚಿದರು. "ಅರ್ಜಿ ವಾಪಸ್ ಕೊಡ್ರಿ."

"ತೀರ್ಮಾನ ಆತಲ್ಲಪ್ಪಾ, ಇನ್ಯಾಕ?"

"ನಮ್ಮ ಓಣ್ಯಾಗ ಗಟಾರ ತುಂಬಿ ಮೂರು ತಿಂಗಳಾತ್ರಿ. ಎಷ್ಟು ಅರ್ಜಿ ಕೊಟ್ರೂ ಒಬ್ಬನೂ ಅತ್ತಿಲ್ಲ." ಮಗಳ ಕಡೆ ತಿರುಗಿದರು. ಗಣಿತ ಮರೆತಿದ್ದರು, ಕಣ್ಣಲ್ಲಿ ಬೇರೆಯೇ ಹೊಳಪು. "ಯವ್ವಾ, ಗಟಾರಕ್ಕ ಇದೇ ನಡೀತದೋ, ಬ್ಯಾರೆ ಅಂಕ ಬೇಕೋ?"

ಹುಡುಗಿ ಒಂದು ಗಳಿಗೆ ಯೋಚಿಸಿದಳು.

"ಐದನೇದು ತಗೋ ಅಪ್ಪಾ. ಅದರಾಗ ಪ್ರಳಯ ಅದ."